ಫೈರ್‌ವಾಲ್ ಬದಲಿಸುವಾಗ ನಿಜವಾಗಿ ಕಾಡಿದ್ದು ಕಾನ್ಫಿಗ್ ಫೈಲ್‌ನಲ್ಲಿ ಇಲ್ಲದ ಸಂಗತಿಗಳು

ಆಫೀಸಿನ ನೆಟ್‌ವರ್ಕ್‌ಗೂ ಇಂಟರ್ನೆಟ್‌ಗೂ ನಡುವೆ ಕಾವಲು ನಿಲ್ಲುವ ಹಳೇ ಫೈರ್‌ವಾಲ್‌ನಲ್ಲಿದ್ದ ಪೂರ್ತಿ ಕಾನ್ಫಿಗರೇಶನ್ (ಎಲ್ಲ ಸೆಟ್ಟಿಂಗ್‌ಗಳು) ಅನ್ನು ಹೊಸ ಬಾಕ್ಸ್‌ಗೆ ಸಾಗಿಸುವ ಕೆಲಸ ಈಗಷ್ಟೇ ಮುಗಿಸಿದ್ದೇನೆ. ಎರಡೂ ಕಡೆ ಓಡುವುದು ಪಿಎಫ್‌ಸೆನ್ಸ್ ಎಂಬ ಫೈರ್‌ವಾಲ್ ಸಾಫ್ಟ್‌ವೇರ್. ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತಿತ್ತು: ಬ್ಯಾಕಪ್ ತೆಗೆದುಕೋ, ರಿಸ್ಟೋರ್ ಮಾಡು, ಮುಗೀತು. ಅಷ್ಟು ಭಾಗ ನಿಜವಾಗಿಯೂ ಕೆಲವೇ ನಿಮಿಷಗಳ ಕೆಲಸ. ನನ್ನ ಸಮಯವನ್ನೂ ನಿದ್ದೆಯನ್ನೂ ತಿಂದಿದ್ದು ಆ ಫೈಲ್‌ನಲ್ಲಿ ಇಲ್ಲದ, ಆದರೆ ಇಷ್ಟು ವರ್ಷ ಹಳೇ ಬಾಕ್ಸ್‌ಗೆ ಅಂಟಿಕೊಂಡಿದ್ದ ಸಂಗತಿಗಳು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ ಅಂತ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹಳೇ ಬಾಕ್ಸ್‌ನ ಸ್ಟೋರೇಜ್ ಸವೆದು ಹೋಗಿತ್ತು. ಲಾಗ್ ತೆರೆದರೆ ಸಾಲು ಸಾಲಾಗಿ ರೀಡ್ ಎರರ್. ಒಂದೆರಡು ಸಲ ತಾನಾಗಿಯೇ ರೀಬೂಟ್ ಆಗಿತ್ತು. ಪ್ರತಿ ಸಲ ಎದ್ದು ಬರುವವರೆಗೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಇನ್ನೊಂದು ಸಲ ಏಳದೇ ಹೋದರೆ ಏನು ಗತಿ ಎಂಬ ಯೋಚನೆಯಲ್ಲೇ ಹೊಸ ಬಾಕ್ಸ್ ತರಿಸಿದ್ದು.

ಬಾಕ್ಸ್ ಬಂದ ಮೇಲೆ ಮೊದಲ ಪ್ರಶ್ನೆ: ಎಲ್ಲವನ್ನೂ ಹೊಸದಾಗಿ ಬರೆಯುವುದೋ, ಇದ್ದದ್ದನ್ನೇ ಸಾಗಿಸುವುದೋ? ಹೊಸದಾಗಿ ಬರೆದರೆ ಕಸ ಹೋಗುತ್ತದೆ ಎನ್ನುವವರಿದ್ದಾರೆ. ಆ ಮಾತಿನಲ್ಲಿ ನ್ಯಾಯವಿದೆ. ಆದರೆ ನಮ್ಮಲ್ಲಿ ಹೊರಗಿನಿಂದ ಕೆಲಸ ಮಾಡುವವರೆಲ್ಲ ವಿಪಿಎನ್ (ಇಂಟರ್ನೆಟ್ ಮೇಲಿನ ಗುಪ್ತ ಸುರಂಗ) ಮೂಲಕ ಬರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಗುರುತುಚೀಟಿ. ಆ ಸರ್ಟಿಫಿಕೇಟ್‌ಗಳನ್ನು ಕೊಡುವ ಸಿಎ ಕೂಡ ಅದೇ ಕಾನ್ಫಿಗ್ ಫೈಲ್‌ನಲ್ಲಿದೆ. ಹೊಸದಾಗಿ ಶುರು ಮಾಡಿದರೆ ಎಲ್ಲರ ಲ್ಯಾಪ್‌ಟಾಪ್‌ಗೂ ಕೈ ಹಾಕಬೇಕು. ಅದೇ ಸಿಎ, ಅದೇ ಪಬ್ಲಿಕ್ ಐಪಿ (ಹೊರಗಿನವರಿಗೆ ಕಾಣುವ ವಿಳಾಸ) ಇಟ್ಟುಕೊಂಡು ಸಾಗಿಸಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಬೇಡದ ರೂಲ್‌ಗಳನ್ನು ಆಮೇಲೆ ನಿಧಾನವಾಗಿ ತೆಗೆಯಬಹುದು. ಸಾಗಿಸುವುದೇ ಸರಿ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ.

ಎರಡನೇ ಪ್ರಶ್ನೆ ವರ್ಶನ್‌ನದು. ಹಳೇ ವರ್ಶನ್‌ನ ಕಾನ್ಫಿಗ್ ಅನ್ನು ಹೊಸ ವರ್ಶನ್ ಓದಿಕೊಂಡು ತನಗೆ ಬೇಕಾದ ಹಾಗೆ ಬದಲಿಸಿಕೊಳ್ಳುತ್ತದೆ. ಹೊಸದರ ಫೈಲ್ ಹಳೆಯದಕ್ಕೆ ಹೋಗುವುದಿಲ್ಲ. ಅಂದರೆ ಒಮ್ಮೆ ಹೊಸ ಬಾಕ್ಸ್‌ನಲ್ಲಿ ರೂಲ್ ಸೇರಿಸಲು ಶುರು ಮಾಡಿದರೆ ಆ ಬದಲಾವಣೆಗಳನ್ನು ಹಿಂದಕ್ಕೆ ಒಯ್ಯುವ ದಾರಿ ಇಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡೇ ಮುಂದೆ ಹೋಗಬೇಕು. ಮೊದಲು ಹಳೇ ಬಾಕ್ಸ್ ಅನ್ನೇ ಅಪ್‌ಗ್ರೇಡ್ ಮಾಡಿ ಎರಡನ್ನೂ ಒಂದೇ ವರ್ಶನ್‌ಗೆ ತನ್ನಿ ಎಂಬ ಸಲಹೆಯೂ ಇದೆ. ಸಾಯುತ್ತಿರುವ ಸ್ಟೋರೇಜ್ ಮೇಲೆ ಅಪ್‌ಗ್ರೇಡ್ ಮಾಡುವ ಧೈರ್ಯ ನನಗಿರಲಿಲ್ಲ. ಹಳೆಯದನ್ನು ಅದರ ಪಾಡಿಗೆ ಬಿಟ್ಟೆ.

ವರ್ಶನ್ ಹಾರಿಸುವಾಗ ಮಧ್ಯದ ಎಲ್ಲ ವರ್ಶನ್‌ಗಳ ರಿಲೀಸ್ ನೋಟ್ಸ್ ಓದಲೇಬೇಕು. ಓದುವುದು ಬೇಜಾರಿನ ಕೆಲಸ, ಆದರೆ ನಮ್ಮನ್ನು ಉಳಿಸಿದ್ದು ಅದೇ. ಪಿಎಫ್‌ಸೆನ್ಸ್ 2.7.1ರಿಂದ ಸರ್ಟಿಫಿಕೇಟ್‌ಗಳನ್ನು ಪರೀಕ್ಷಿಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 3ನೇ ವರ್ಶನ್ ಬಂದಿದೆ. ಅದು ಎಸ್‌ಎಚ್‌ಎ-1 ಎಂಬ ಹಳೇ, ದುರ್ಬಲ ವಿಧಾನದ ಸಹಿ ಇರುವ ಸರ್ಟಿಫಿಕೇಟ್‌ಗಳನ್ನು ಒಪ್ಪುವುದಿಲ್ಲ. ನಮ್ಮ ಪಟ್ಟಿ ತೆರೆದು ನೋಡಿದರೆ ಬಹಳ ಹಿಂದೆ ಕೊಟ್ಟಿದ್ದ ಕೆಲವು ಸರ್ಟಿಫಿಕೇಟ್‌ಗಳು ಎಸ್‌ಎಚ್‌ಎ-1 ಆಗಿದ್ದವು. ಹಾಗೇ ಸಾಗಿಸಿದ್ದರೆ ಮರುದಿನ ಬೆಳಿಗ್ಗೆ ಅವರ ವಿಪಿಎನ್ ಬರುತ್ತಿರಲಿಲ್ಲ. ತೊಂದರೆ ಹೊಸ ಬಾಕ್ಸ್‌ನದೋ, ಲೈನ್‌ನದೋ, ರೂಲ್‌ನದೋ ಅಂತ ನಾವು ಹುಡುಕುತ್ತಾ ಕೂರುತ್ತಿದ್ದೆವು.

ಅದಕ್ಕೇ ಹಳೇ ಬಾಕ್ಸ್‌ನಲ್ಲಿದ್ದಾಗಲೇ ಅವರಿಗೆ ಎಸ್‌ಎಚ್‌ಎ-256 ಸರ್ಟಿಫಿಕೇಟ್ ಕೊಟ್ಟೆ. ಈ ಇಡೀ ಪ್ರಯಾಣದಲ್ಲಿ ಅತಿ ಹೆಚ್ಚು ಕಾಯಿಸಿದ್ದು ಇದೇ. ಕೆಲಸ ಕಷ್ಟದ್ದಲ್ಲ, ಜನ ಸಿಗಬೇಕಲ್ಲ. ಒಬ್ಬರು ರಜೆಯಲ್ಲಿ, ಇನ್ನೊಬ್ಬರು ಪ್ರಯಾಣದಲ್ಲಿ. ಮತ್ತೊಬ್ಬರು "ಈಗ ನನ್ನದು ಸರಿಯಾಗೇ ಓಡ್ತಿದೆ ಸಾರ್, ಸುಮ್ನೆ ಯಾಕೆ ಮುಟ್ಟೋದು?" ಅಂದರು. ಎಲ್ಲರೂ ಹೊಸ ಸರ್ಟಿಫಿಕೇಟ್‌ನಲ್ಲಿ ಲಾಗಿನ್ ಆದದ್ದನ್ನು ಲಾಗ್‌ನಲ್ಲಿ ಕಣ್ಣಾರೆ ನೋಡಿದ ಮೇಲೇ ಬದಲಾವಣೆಗೆ ತಾರೀಖು ಗೊತ್ತು ಮಾಡಿದ್ದು. ನೀವೂ ಮೊದಲು ಸರ್ಟಿಫಿಕೇಟ್ ಪಟ್ಟಿ ನೋಡಿ, ಆಮೇಲೆ ತಾರೀಖು ಹೇಳಿ.

ಈಗ ಬ್ಯಾಕಪ್. ಡಯಾಗ್ನೋಸ್ಟಿಕ್ಸ್ ಮೆನುವಿನಲ್ಲಿ ಬ್ಯಾಕಪ್ ಆ್ಯಂಡ್ ರಿಸ್ಟೋರ್ ಪುಟ. ಅಲ್ಲಿ ಸಿಗುವುದು ಒಂದೇ ಎಕ್ಸ್‌ಎಂಎಲ್ ಫೈಲ್. ರೂಲ್, ನ್ಯಾಟ್ (ಒಳಗಿನ-ಹೊರಗಿನ ವಿಳಾಸಗಳ ಅದಲು ಬದಲು), ಏಲಿಯಾಸ್ (ವಿಳಾಸಗಳ ಗುಂಪಿಗೆ ಇಟ್ಟ ಹೆಸರು), ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರ್ಪಡಿಸಿದ ನೆಟ್‌ವರ್ಕ್), ಯೂಸರ್, ಸರ್ಟಿಫಿಕೇಟ್, ಎಲ್ಲವೂ ಅದರೊಳಗೆ. ಆರ್‌ಆರ್‌ಡಿ ಡೇಟಾ ಎಂಬ ಆಯ್ಕೆ ಇದೆ, ಅದು ಹಳೇ ಗ್ರಾಫ್‌ಗಳದ್ದು. ಅದು ಸೇರಿದರೆ ಫೈಲ್ ವಿಪರೀತ ದೊಡ್ಡದಾಗಿ ಕೈಯಿಂದ ಓದುವುದು ಕಷ್ಟ, ಬಿಟ್ಟುಬಿಟ್ಟೆ. ಎಕ್ಸ್‌ಟ್ರಾ ಡೇಟಾ ಎಂಬುದನ್ನು ಮಾತ್ರ ಸೇರಿಸಿಕೊಂಡೆ. ಡಿಎಚ್‌ಸಿಪಿ ಯಾವ ಮೆಶೀನ್‌ಗೆ ಯಾವ ಐಪಿ ಕೊಟ್ಟಿದೆ ಎಂಬ ಲೀಸ್ ಪಟ್ಟಿ ಬರುವುದು ಅದರಿಂದ. ದೂರದಿಂದ ಲಾಗಿನ್ ಆಗಿ ಕಮಾಂಡ್ ಕೊಡುವ ಎಸ್‌ಎಸ್‌ಎಚ್‌ನ ಕೀಗಳ ಆಯ್ಕೆಯನ್ನೂ ಬಿಡಬೇಡಿ. ಬಿಟ್ಟರೆ ಹೊಸ ಬಾಕ್ಸ್‌ಗೆ ಎಸ್‌ಎಸ್‌ಎಚ್ ಮಾಡಿದಾಗ, ಈ ಮೆಶೀನ್‌ನ ಗುರುತು ಬದಲಾಗಿದೆ ಎಂಬ ದೊಡ್ಡ ಎಚ್ಚರಿಕೆ ಬರುತ್ತದೆ. ಲಾಗಿನ್ ಆಗಿ ಕೆಲಸ ಮಾಡುವ ಸ್ಕ್ರಿಪ್ಟ್‌ಗಳೂ ಅಲ್ಲೇ ನಿಂತುಬಿಡುತ್ತವೆ.

ಈ ಫೈಲ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅದರಲ್ಲಿ ಸರ್ಟಿಫಿಕೇಟ್‌ಗಳ ಪ್ರೈವೇಟ್ ಕೀಗಳು ಬೇಸ್64 ರೂಪದಲ್ಲಿ ಇರುತ್ತವೆ. ನೋಡಲು ಅರ್ಥವಾಗದ ಅಕ್ಷರಗಳ ಹಾಗೆ ಕಾಣುತ್ತವೆ ಅಷ್ಟೇ, ಯಾರು ಬೇಕಾದರೂ ಒಂದೇ ಕಮಾಂಡ್‌ನಲ್ಲಿ ಬಿಡಿಸಬಹುದು. ವಿಪಿಎನ್‌ನ ಪ್ರೀ-ಶೇರ್ಡ್ ಕೀ ಕೂಡ ಅಲ್ಲೇ ಸಿಗುತ್ತದೆ. ಇಡೀ ಆಫೀಸಿನ ಬೀಗದ ಕೈ ಗೊಂಚಲು ಅದು. ಮೇಲ್‌ನಲ್ಲಿ ಕಳಿಸಬೇಡಿ, ಎಲ್ಲರೂ ತೆರೆಯುವ ಫೋಲ್ಡರ್‌ನಲ್ಲಿ ಇಡಬೇಡಿ. ತೆಗೆದಿಡುವ ಪ್ರತಿಗೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಅದೇ ಪುಟದಲ್ಲಿದೆ. ತಿದ್ದಲು ಬೇಕಾದ ತೆರೆದ ಪ್ರತಿಯನ್ನು ಕೆಲಸ ಮುಗಿದ ಕೂಡಲೇ ಅಳಿಸಿ.

ಫೈಲ್ ಕೈಗೆ ಬಂದ ಮೇಲೆ, ಇದರಲ್ಲಿ ಏನೇನು ಇಲ್ಲ ಅಂತ ಪಟ್ಟಿ ಮಾಡಲು ಕುಳಿತೆ. ರೂಟ್ ಫೋಲ್ಡರ್‌ನಲ್ಲಿ ಯಾರೋ ಯಾವಾಗಲೋ ಬರೆದಿಟ್ಟ ಸ್ಕ್ರಿಪ್ಟ್‌ಗಳಿದ್ದವು. ಗೊತ್ತು ಮಾಡಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಸಾಲುಗಳು ಕಾನ್ಫಿಗ್‌ನಲ್ಲಿ ಬರುತ್ತವೆ, ಅವು ಕರೆಯುವ ಸ್ಕ್ರಿಪ್ಟ್‌ಗಳು ಬರುವುದಿಲ್ಲ. ಬೂಟ್ ಫೋಲ್ಡರ್‌ನ ಲೋಡರ್.ಕಾನ್ಫ್.ಲೋಕಲ್ ಎಂಬ ಫೈಲ್‌ನಲ್ಲಿ ಕೈಯಿಂದ ಸೇರಿಸಿದ ಸಾಲುಗಳಿದ್ದವು. ಅವು ಹಳೇ ನೆಟ್‌ವರ್ಕ್ ಕಾರ್ಡ್‌ಗಾಗಿ ಇದ್ದವು, ಹೊಸದಕ್ಕೆ ಬೇಕಾಗಿಲ್ಲ. ಹಳೇ ಲಾಗ್‌ಗಳನ್ನು ಬೇರೆಯಾಗಿ ನಕಲು ಮಾಡಿಕೊಂಡೆ. ಕೊನೆಗೆ ಆ ಬಾಕ್ಸ್‌ಗೇ ಅಂಟಿಕೊಂಡಿರುವಂಥವು: ಪ್ರತಿ ಪೋರ್ಟ್‌ನ ಮ್ಯಾಕ್ ಅಡ್ರೆಸ್ (ಪೋರ್ಟ್‌ನ ಹಾರ್ಡ್‌ವೇರ್ ವಿಳಾಸ), ಮತ್ತು ಹೊಸ ಮಾದರಿಯ ಐಪಿ ವಿಳಾಸವಾದ ಐಪಿವಿ6ಗೆ ಬಳಸುವ ಡಿಯುಐಡಿ ಎಂಬ ಗುರುತು. ಈ ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ಬದಲಾವಣೆಯ ರಾತ್ರಿ ನನ್ನನ್ನು ಕಾಪಾಡಿದ್ದು ಆ ಹಾಳೆ.

ಮುಂದಿನ ತೊಡಕು ಪೋರ್ಟ್‌ಗಳ ಹೆಸರು. ಪಿಎಫ್‌ಸೆನ್ಸ್ ಓಡುವುದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ. ಅಲ್ಲಿ ಪೋರ್ಟ್‌ನ ಹೆಸರು ಡ್ರೈವರ್‌ನಿಂದ ಬರುತ್ತದೆ. ಹಳೇ ಬಾಕ್ಸ್‌ನಲ್ಲಿ ಐಜಿಬಿ0, ಐಜಿಬಿ1 ಹೀಗಿದ್ದವು. ಹೊಸದರಲ್ಲಿ 2.5 ಗಿಗಾಬಿಟ್‌ನ ಇಂಟೆಲ್ ಐ226 ಪೋರ್ಟ್‌ಗಳು, ಅವಕ್ಕೆ ಐಜಿಸಿ0, ಐಜಿಸಿ1 ಎಂದು ಹೆಸರು. ಹಳೇ ಫೈಲ್ ಹಾಗೇ ಹಾಕಿದರೆ ಹೊಸ ಬಾಕ್ಸ್‌ಗೆ ಐಜಿಬಿ ಅನ್ನುವುದು ಸಿಗುವುದೇ ಇಲ್ಲ. ಇಂಟರ್ಫೇಸ್ ತಾಳೆಯಾಗುತ್ತಿಲ್ಲ ಎಂದು ಹೇಳಿ, ಯಾವುದು ಯಾವುದಕ್ಕೆ ಅಂತ ಕನ್ಸೋಲ್‌ನಲ್ಲಿ ಕೇಳುತ್ತಾ ನಿಲ್ಲುತ್ತದೆ. ಎರಡೇ ಪೋರ್ಟ್ ಇದ್ದರೆ ಅಲ್ಲೇ ಉತ್ತರ ಕೊಟ್ಟರೆ ಸಾಕು. ವಿಲ್ಯಾನ್‌ಗಳು ಜಾಸ್ತಿ ಇದ್ದರೆ ಫೈಲ್ ಅನ್ನೇ ಮೊದಲು ತಿದ್ದುವುದು ವಾಸಿ.

ಸಮಾಧಾನದ ವಿಷಯ ಏನೆಂದರೆ ಫೈರ್‌ವಾಲ್ ರೂಲ್‌ಗಳಲ್ಲಿ ಈ ಡ್ರೈವರ್ ಹೆಸರುಗಳು ಬರುವುದಿಲ್ಲ. ಅಲ್ಲಿರುವುದು ವ್ಯಾನ್ (ಇಂಟರ್ನೆಟ್ ಕಡೆ), ಲ್ಯಾನ್ (ಆಫೀಸಿನ ಒಳಗಡೆ), ಆಪ್ಟ್1 ಎಂಬ ಒಳಹೆಸರುಗಳು. ಡ್ರೈವರ್ ಹೆಸರು ಇರುವುದು ಇಂಟರ್ಫೇಸ್, ವಿಲ್ಯಾನ್, ಲ್ಯಾಗ್, ಪಿಪಿಪಿ ಭಾಗಗಳಲ್ಲಿ. ಹಾಗಾಗಿ ಇಷ್ಟು ವರ್ಷದ ರೂಲ್‌ಗಳಲ್ಲಿ ಒಂದನ್ನೂ ಮುಟ್ಟಬೇಕಾಗಲಿಲ್ಲ. ಐಜಿಬಿ1.20 ಎಂಬಂಥ ವಿಲ್ಯಾನ್ ಹೆಸರುಗಳು ಹುಡುಕಿ-ಬದಲಿಸುವಾಗ ತಾವಾಗಿಯೇ ಸರಿಯಾಗುತ್ತವೆ. ಹತ್ತಕ್ಕಿಂತ ಜಾಸ್ತಿ ಪೋರ್ಟ್ ಇರುವವರು ಮಾತ್ರ ಹುಷಾರಾಗಿರಬೇಕು. ಐಜಿಬಿ1 ಅಂತ ಹುಡುಕಿದರೆ ಐಜಿಬಿ10 ಕೂಡ ಸಿಕ್ಕಿಬೀಳುತ್ತದೆ. ತಿದ್ದಲು ಸಾದಾ ಟೆಕ್ಸ್ಟ್ ಎಡಿಟರ್ ಮಾತ್ರ ಬಳಸಿ. ವರ್ಡ್ ಪ್ರೊಸೆಸರ್‌ಗಳು ಕೊಟೇಶನ್ ಗುರುತುಗಳನ್ನು ಬದಲಿಸಿ ಫೈಲ್ ಕೆಡಿಸುತ್ತವೆ.

ನಾನು ಈ ಬದಲಾವಣೆಗಳನ್ನು ಎಡಿಟರ್‌ನಲ್ಲಿ ಮಾಡುವ ಬದಲು ಹುಡುಕಿ-ಬದಲಿಸುವ ಸೆಡ್ ಕಮಾಂಡ್‌ಗಳ ಒಂದು ಪುಟ್ಟ ಸ್ಕ್ರಿಪ್ಟ್ ಆಗಿ ಬರೆದಿಟ್ಟೆ. ಕಾರಣ ಇದೆ. ತಯಾರಿ ಮಾಡುವ ದಿನದ ಬ್ಯಾಕಪ್‌ಗೂ ಬದಲಿಸುವ ರಾತ್ರಿಯ ಬ್ಯಾಕಪ್‌ಗೂ ನಡುವೆ ಯಾರಾದರೂ ಹೊಸ ಪ್ರಿಂಟರ್ ಸೇರಿಸಿರುತ್ತಾರೆ, ಒಂದು ರೂಲ್ ಹಾಕಿರುತ್ತಾರೆ. ಕೊನೇ ಗಳಿಗೆಯ ತಾಜಾ ಬ್ಯಾಕಪ್ ಅನ್ನೇ ಹಾಕಬೇಕು. ಆಗ ಮತ್ತೆ ಕೈಯಿಂದ ತಿದ್ದುತ್ತಾ ಕೂರಲು ಪುರಸೊತ್ತು ಇರುವುದಿಲ್ಲ. ಸ್ಕ್ರಿಪ್ಟ್ ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಫೈಲ್ ಸಿದ್ಧ. ಆಮೇಲೆ ಎಕ್ಸ್‌ಎಂಎಲ್‌ಲಿಂಟ್‌ನಲ್ಲಿ ಒಮ್ಮೆ ಹಾಯಿಸಿದರೆ ಟ್ಯಾಗ್ ಮುರಿದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಹೆಸರು ಸರಿ, ಆದರೆ ಐಜಿಸಿ0 ಅಂದರೆ ಬಾಕ್ಸ್‌ನ ಹಿಂದಿನ ಯಾವ ತೂತು? ಮೇಲೆ ಮುದ್ರಿಸಿರುವ ಕ್ರಮವೂ ಡ್ರೈವರ್‌ನ ಕ್ರಮವೂ ಒಂದೇ ಇರಬೇಕೆಂದಿಲ್ಲ. ಸೀರಿಯಲ್ ಕೇಬಲ್ ಹಾಕಿ 115200 ವೇಗದಲ್ಲಿ ಕನ್ಸೋಲ್ ತೆರೆದುಕೊಂಡೆ. ಒಂದೇ ನೆಟ್‌ವರ್ಕ್ ಕೇಬಲ್ ಅನ್ನು ಒಂದೊಂದೇ ಪೋರ್ಟ್‌ಗೆ ಚುಚ್ಚುತ್ತಾ ಹೋದೆ. ಚುಚ್ಚಿದ ಕೂಡಲೇ ಯಾವ ಪೋರ್ಟ್‌ನ ಲಿಂಕ್ ಅಪ್ ಆಯಿತು ಅಂತ ಪರದೆಯ ಮೇಲೆ ಒಂದು ಸಾಲು ಬರುತ್ತದೆ. ನಮ್ಮದರಲ್ಲಿ ಕ್ರಮ ಉಲ್ಟಾ ಇತ್ತು, ಬಲತುದಿಯದ್ದು ಸೊನ್ನೆ. ಆಗಲೇ ಪ್ರತಿ ಪೋರ್ಟ್‌ಗೂ ಲೇಬಲ್ ಅಂಟಿಸಿದೆ.

ಇನ್ನು ಮೇಜಿನ ಮೇಲೆ ಪರೀಕ್ಷೆ. ಇಲ್ಲಿ ಎರಡು ಅಡ್ಡಿ ಬಂದವು.

ಮೊದಲನೆಯದು ಐಪಿ ತಿಕ್ಕಾಟ. ರಿಸ್ಟೋರ್ ಆದ ಮೇಲೆ ಪಿಎಫ್‌ಸೆನ್ಸ್ ತನ್ನ ಪ್ಯಾಕೇಜ್‌ಗಳನ್ನು ಇಂಟರ್ನೆಟ್‌ನಿಂದ ಮತ್ತೆ ಇಳಿಸಿಕೊಳ್ಳುತ್ತದೆ. ಹಾಗಾಗಿ ಮೇಜಿನ ಮೇಲಿರುವಾಗಲೇ ಅದಕ್ಕೆ ಇಂಟರ್ನೆಟ್ ಬೇಕು. ಹಳೇ ಬಾಕ್ಸ್‌ನ ಲ್ಯಾನ್‌ನಿಂದ ಒಂದು ಕೇಬಲ್ ತಂದು ಹೊಸದರ ವ್ಯಾನ್‌ಗೆ ಹಾಕೋಣ ಅಂದರೆ, ಹೊಸದರ ಲ್ಯಾನ್ ಕೂಡ ಅದೇ ಸಬ್‌ನೆಟ್ (ಐಪಿಗಳ ಅದೇ ಗುಂಪು). ಎರಡೂ ಕಡೆ ಒಂದೇ ಸಬ್‌ನೆಟ್ ಇದ್ದರೆ ಪ್ಯಾಕೆಟ್ ಯಾವ ಕಡೆ ಹೋಗಬೇಕು ಅಂತ ಬಾಕ್ಸ್‌ಗೆ ತಿಳಿಯುವುದಿಲ್ಲ. ಹೊಸದರ ಲ್ಯಾನ್ ಪೋರ್ಟ್ ಅನ್ನು ಆಫೀಸಿನ ಸ್ವಿಚ್‌ಗೆ ಹಾಕುವಂತೆಯೂ ಇಲ್ಲ, ಎಲ್ಲರೂ ಹೊರಗೆ ಹೋಗಲು ಬಳಸುವ ಗೇಟ್‌ವೇ ಐಪಿ ಎರಡು ಕಡೆ ಇದ್ದು ಎಲ್ಲರ ಇಂಟರ್ನೆಟ್ ನಿಂತುಬಿಡುತ್ತದೆ. ಹಳೇ ಬಾಕ್ಸ್‌ನಲ್ಲಿ ಬೇರೆಲ್ಲೂ ಬಳಸದ 172.29.5.0/24 ಸಬ್‌ನೆಟ್ ಕೊಟ್ಟು ಒಂದು ವಿಲ್ಯಾನ್ ಮಾಡಿದೆ. ಅದರ ಕೇಬಲ್ ಹೊಸದರ ವ್ಯಾನ್‌ಗೆ, ಲ್ಯಾನ್‌ಗೆ ನನ್ನ ಲ್ಯಾಪ್‌ಟಾಪ್ ಮಾತ್ರ. ಪರೀಕ್ಷೆ ಮುಗಿಯುವವರೆಗೆ ವ್ಯಾನ್ ಅನ್ನು ಡಿಎಚ್‌ಸಿಪಿಗೆ ಬದಲಿಸಿದೆ. ಅಷ್ಟರಲ್ಲಿ ಆ ಅಡ್ಡಿ ಕಳೆಯಿತು.

ಎರಡನೆಯದು ತಲೆ ಕೆಡಿಸಿತು. ಲಿಂಕ್ ಇದೆ, ಐಪಿ ಬಂದಿದೆ, ಹೊರಗಿನ ಐಪಿಗೆ ಪಿಂಗ್ ಹೋಗುತ್ತದೆ. ಆದರೆ ಯಾವ ಹೆಸರೂ ರಿಸಾಲ್ವ್ ಆಗುತ್ತಿಲ್ಲ, ಅಂದರೆ ಸೈಟ್‌ನ ಹೆಸರಿಗೆ ಐಪಿ ಸಿಗುತ್ತಿಲ್ಲ. ಪ್ಯಾಕೇಜ್ ಒಂದೂ ಇಳಿಯುತ್ತಿಲ್ಲ. ಅದೇ ಕಾನ್ಫಿಗ್ ಹಳೇ ಬಾಕ್ಸ್‌ನಲ್ಲಿ ಆ ಕ್ಷಣಕ್ಕೂ ಚೆನ್ನಾಗಿ ಓಡುತ್ತಿದೆ. ರೂಲ್ ನೋಡಿದೆ, ಹೆಸರಿಗೆ ಐಪಿ ಹುಡುಕುವ ಡಿಎನ್‌ಎಸ್‌ನ ಸೆಟ್ಟಿಂಗ್ ನೋಡಿದೆ, ಎಲ್ಲವೂ ಸರಿ. ಕೊನೆಗೆ ರಿಸಾಲ್ವರ್‌ನ ಲಾಗ್ ತೆರೆದಾಗ ಕಣ್ಣಿಗೆ ಬಿದ್ದಿದ್ದು ಸಾಲಿನ ಮೊದಲಲ್ಲಿದ್ದ ತಾರೀಖು. ವರ್ಷವೇ ಹಿಂದಿನದು! ಹೊಸ ಬಾಕ್ಸ್ ಗೋದಾಮಿನಲ್ಲಿ ಕುಳಿತು ಅದರ ಗಡಿಯಾರದ ಬ್ಯಾಟರಿ ಸತ್ತಿತ್ತು.

ಗಡಿಯಾರಕ್ಕೂ ಡಿಎನ್‌ಎಸ್‌ಗೂ ಏನು ಸಂಬಂಧ? ನಮ್ಮಲ್ಲಿ ಡಿಎನ್‌ಎಸ್ ಉತ್ತರಗಳ ಸಹಿ ಪರೀಕ್ಷಿಸುವ ಡಿಎನ್‌ಎಸ್‌ಸೆಕ್ ಆನ್ ಇದೆ. ಬರುವ ಉತ್ತರಗಳ ಸಹಿಗೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂಬ ಅವಧಿ ಇರುತ್ತದೆ. ಬಾಕ್ಸ್‌ನ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲ, ಹಾಗಾಗಿ ಸಹಿಯನ್ನು ನಂಬುವುದಿಲ್ಲ. ಸರಿ, ಎನ್‌ಟಿಪಿ ಬಂದು ಸಮಯ ಸರಿ ಮಾಡಲಿ ಅಂದರೆ, ಎನ್‌ಟಿಪಿ ಸರ್ವರ್ ಇರುವುದು ಹೆಸರಿನಲ್ಲಿ. ಆ ಹೆಸರು ರಿಸಾಲ್ವ್ ಆಗಬೇಕಾದರೆ ಡಿಎನ್‌ಎಸ್ ಬೇಕು. ನಮ್ಮ ಸೆಟ್ಟಿಂಗ್‌ನಲ್ಲಿ ಬಾಕ್ಸ್ ತನ್ನ ರಿಸಾಲ್ವರ್ ಅನ್ನು ಮಾತ್ರ ಕೇಳಬೇಕು ಅಂತ ಇತ್ತು. ಸಮಯ ಸರಿಯಿಲ್ಲದೆ ಡಿಎನ್‌ಎಸ್ ಇಲ್ಲ, ಡಿಎನ್‌ಎಸ್ ಇಲ್ಲದೆ ಸಮಯ ಸರಿಯಾಗುವುದಿಲ್ಲ. ಶೆಲ್‌ಗೆ ಹೋಗಿ ಡೇಟ್ ಕಮಾಂಡ್‌ನಲ್ಲಿ ಇವತ್ತಿನ ಸಮಯ ಬರೆದು ಎಂಟರ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಹೆಸರುಗಳು ಸಿಕ್ಕವು, ಪ್ಯಾಕೇಜ್‌ಗಳು ಒಂದಾದ ಮೇಲೊಂದು ಇಳಿಯತೊಡಗಿದವು. ಬ್ಯಾಟರಿ ಬದಲಿಸಿದೆ. ಎನ್‌ಟಿಪಿ ಪಟ್ಟಿಗೆ ಹೆಸರಿನ ಜೊತೆಗೆ ನಮ್ಮದೇ ಒಂದು ಸರ್ವರ್‌ನ ಐಪಿಯನ್ನೂ ಸೇರಿಸಿದೆ. ಮುಂದೆ ಬ್ಯಾಟರಿ ಸತ್ತರೂ ಬಾಕ್ಸ್ ತಾನಾಗಿಯೇ ಎದ್ದು ನಿಲ್ಲಬೇಕಲ್ವಾ?

ಪ್ಯಾಕೇಜ್ ಇಳಿಯುವುದು ಹಿನ್ನೆಲೆಯಲ್ಲಿ ನಡೆಯುತ್ತದೆ. ಪರದೆ ಸುಮ್ಮನಿದೆ, ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಗ ರೀಬೂಟ್ ಮಾಡಲು ಕೈ ತುರಿಸುತ್ತದೆ, ಮಾಡಬೇಡಿ. ಮುಗಿಯಿತು ಎಂಬ ಸೂಚನೆ ಬರುವವರೆಗೆ ಕಾಯಿರಿ.

ಇನ್ನೊಂದು ಆಮಿಷವೂ ಇತ್ತು. ಹಳೇ ಐಎಸ್‌ಸಿ ಡಿಎಚ್‌ಸಿಪಿ ಸರ್ವರ್‌ನ ನಿರ್ವಹಣೆ 2022ರಲ್ಲೇ ನಿಂತಿದೆ. ಅದರ ಜಾಗಕ್ಕೆ ಕಿಯಾ ಎಂಬ ಹೊಸ ಡಿಎಚ್‌ಸಿಪಿ ಸರ್ವರ್ ಬಂದಿದೆ. ಹೇಗೂ ಹೊಸ ಬಾಕ್ಸ್, ಇದನ್ನೂ ಈಗಲೇ ಬದಲಿಸೋಣ ಅಂತ ಜೊತೆಯಲ್ಲಿದ್ದ ಹುಡುಗ ಹೇಳಿದ. ಬೇಡ ಅಂದೆ. ಒಂದೇ ರಾತ್ರಿ ಎರಡು ಬದಲಾವಣೆ ಮಾಡಿದರೆ, ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ಹೇಳಲು ಆಗುವುದಿಲ್ಲ. ಅದಕ್ಕೆ ಬೇರೆ ದಿನ ಇದೆ.

ಬದಲಾವಣೆಯ ರಾತ್ರಿ. ಎಲ್ಲರೂ ಹೋದ ಮೇಲೆ ತಾಜಾ ಬ್ಯಾಕಪ್ ತೆಗೆದು, ಸ್ಕ್ರಿಪ್ಟ್ ಓಡಿಸಿ, ಹೊಸದಕ್ಕೆ ಹಾಕಿದೆ. ತಾಜಾ ಫೈಲ್‌ನಲ್ಲಿ ವ್ಯಾನ್‌ನ ಸ್ಟ್ಯಾಟಿಕ್ ಐಪಿ ಇದ್ದೇ ಇರುವುದರಿಂದ ಪರೀಕ್ಷೆಗೆ ಮಾಡಿದ್ದ ಬದಲಾವಣೆ ತಾನಾಗಿಯೇ ಹೋಯಿತು. ರ‍್ಯಾಕ್‌ನ ಹಿಂಭಾಗದ ಫೋಟೋ ತೆಗೆದೆ. ಹಳೆಯದನ್ನು ಆಫ್ ಮಾಡಿ ಕೇಬಲ್‌ಗಳನ್ನು ಲೇಬಲ್ ನೋಡಿ ಹೊಸದಕ್ಕೆ ಚುಚ್ಚಿದೆವು. ಲೈಟ್‌ಗಳು ಹತ್ತಿದವು. ಬ್ರೌಸರ್‌ನಲ್ಲಿ ಪುಟ ತೆರೆಯಿತು. ಹುಡುಗ ಮನೆಗೆ ಹೊರಡುವ ಉತ್ಸಾಹದಲ್ಲಿದ್ದ.

ಮೊಬೈಲ್ ಡೇಟಾದಿಂದ ನಮ್ಮ ಮೇಲ್ ಸರ್ವರ್ ತಲುಪಿ ನೋಡು ಅಂದೆ. ತಲುಪಲಿಲ್ಲ. ವಿಪಿಎನ್ ಬರುತ್ತಿದೆ, ಮೇಲ್ ಇಲ್ಲ. ಹೊರಗಿನವರಿಗಿರುವ ವೆಬ್ ಸರ್ವರ್ ಕೂಡ ಇಲ್ಲ.

ನಮ್ಮ ಮುಖ್ಯ ಲೈನ್‌ನಲ್ಲಿ ಒಂದಕ್ಕಿಂತ ಹೆಚ್ಚು ಪಬ್ಲಿಕ್ ಐಪಿಗಳಿವೆ. ವಿಪಿಎನ್ ಬಾಕ್ಸ್‌ನ ಸ್ವಂತ ಐಪಿಯಲ್ಲಿದೆ. ಮೇಲ್ ಮತ್ತು ವೆಬ್ ಬೇರೆ ಐಪಿಗಳಲ್ಲಿವೆ, ಅವನ್ನು ಪ್ರಾಕ್ಸಿ ಎಆರ್‌ಪಿ ಮಾದರಿಯ ವರ್ಚುವಲ್ ಐಪಿಗಳಾಗಿ ಇಟ್ಟಿದ್ದೆವು. ಎಆರ್‌ಪಿ ಅಂದರೆ ಒಂದು ಐಪಿ ಯಾವ ಮ್ಯಾಕ್‌ನದು ಅಂತ ಕೇಳಿ ತಿಳಿಯುವ ವಿಧಾನ, ಪ್ರಾಕ್ಸಿಯಲ್ಲಿ ಆ ಐಪಿಗಳ ಪರವಾಗಿ ನಮ್ಮ ಬಾಕ್ಸ್ ಉತ್ತರ ಕೊಡುತ್ತದೆ. ಸಂಪರ್ಕ ಕೊಡುವ ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಹೋಲ್ಡ್. "ನಿಮ್ಮ ಲಿಂಕ್ ಅಪ್ ಇದೆ ಸಾರ್, ನಮ್ಮ ಕಡೆಯಿಂದ ಏನೂ ತೊಂದರೆ ಕಾಣ್ತಿಲ್ಲ. ಒಂದ್ಸಲ ನಿಮ್ಮ ಡಿವೈಸ್ ರೀಸ್ಟಾರ್ಟ್ ಮಾಡಿ ನೋಡಿ." ಮಾಡಿದೆ, ಬದಲಾಗಲಿಲ್ಲ. ಎಆರ್‌ಪಿ ಟೇಬಲ್ ಕ್ಲಿಯರ್ ಮಾಡಿ ಅಂತ ಕೇಳಿಕೊಂಡೆ. ಅದು ಬೇರೆ ವಿಭಾಗದವರ ಕೆಲಸ, ಬೆಳಿಗ್ಗೆ ನೋಡುತ್ತೇವೆ ಅಂದರು.

ಪ್ಯಾಕೆಟ್ ಕ್ಯಾಪ್ಚರ್ ತೆರೆದೆ. ಬೇರೆ ಮ್ಯಾಕ್ ಹೆಸರಿಗೆ ಬಂದ ಪ್ಯಾಕೆಟ್‌ಗಳನ್ನೂ ತೋರಿಸುವ ಪ್ರಾಮಿಸ್ಕ್ಯುಯಸ್ ಆಯ್ಕೆ ಟಿಕ್ ಮಾಡಿ ವ್ಯಾನ್ ಮೇಲೆ ಮೇಲ್ ಸರ್ವರ್‌ನ ಐಪಿಗೆ ಬರುವುದನ್ನು ಹಿಡಿದೆ. ಹುಡುಗ ಮೊಬೈಲ್‌ನಿಂದ ಪ್ರಯತ್ನಿಸುತ್ತಿದ್ದ. ಪ್ಯಾಕೆಟ್‌ಗಳು ಬರುತ್ತಲೇ ಇದ್ದವು! ಪೂರ್ತಿ ವಿವರ ತೆರೆದು ತಲುಪಬೇಕಾದ ಮ್ಯಾಕ್ ಅಡ್ರೆಸ್ ಓದಿ, ನನ್ನ ಹಾಳೆಯ ಜೊತೆ ತಾಳೆ ನೋಡಿದೆ. ಅಕ್ಷರಕ್ಕೆ ಅಕ್ಷರ ಹಳೇ ಬಾಕ್ಸ್‌ನದೇ. ಕಂಪನಿಯ ರೂಟರ್ ಇನ್ನೂ ಹಳೇ ಮ್ಯಾಕ್ ಅನ್ನೇ ನೆನಪಿಟ್ಟುಕೊಂಡು ಅದರ ಹೆಸರಿಗೆ ಕಳಿಸುತ್ತಿತ್ತು. ಹೊಸ ಬಾಕ್ಸ್ ಅದು ತನ್ನದಲ್ಲ ಅಂತ ಎಸೆಯುತ್ತಿತ್ತು. ಬಾಕ್ಸ್‌ನ ಸ್ವಂತ ಐಪಿಗೆ ಈ ತೊಂದರೆ ಇಲ್ಲ, ಇಂಟರ್ಫೇಸ್ ಮೇಲೆ ಬರುವಾಗ ಈ ಐಪಿ ಈಗ ಈ ಮ್ಯಾಕ್‌ನದು ಅಂತ ಅದು ಎಲ್ಲರಿಗೂ ಸಾರುತ್ತದೆ. ಪ್ರಾಕ್ಸಿ ಎಆರ್‌ಪಿ ಹಾಗೆ ಸಾರುವುದಿಲ್ಲ, ಕೇಳಿದರೆ ಮಾತ್ರ ಉತ್ತರ. ನೆನಪು ಅಳಿಯುವವರೆಗೆ ಆ ರೂಟರ್ ಕೇಳುವುದೂ ಇಲ್ಲ. ಸಿಸ್ಕೋ ರೂಟರ್‌ಗಳಲ್ಲಿ ಆ ನೆನಪಿನ ಡೀಫಾಲ್ಟ್ ಅವಧಿ 4 ಗಂಟೆ. ಇವರದ್ದು ಎಷ್ಟು ಅಂತ ಕಾದು ನೋಡುವ ತಾಳ್ಮೆ ಆ ಹೊತ್ತಿನಲ್ಲಿ ನನಗಿರಲಿಲ್ಲ.

ದಾರಿ ಸರಳ. ವ್ಯಾನ್ ಇಂಟರ್ಫೇಸ್ ಪುಟದಲ್ಲಿ ಮ್ಯಾಕ್ ಅಡ್ರೆಸ್ ಎಂಬ ಖಾನೆ ಇದೆ. ಹಾಳೆಯಿಂದ ಹಳೇ ಮ್ಯಾಕ್ ನೋಡಿ ಬರೆದೆ, ಸೇವ್, ಅಪ್ಲೈ. "ಬಂತು ಸಾರ್!" ಅಂತ ಹುಡುಗ ಕೂಗಿದ. ತಡೆದು ನಿಂತಿದ್ದ ಮೇಲ್‌ಗಳೂ ಒಂದೊಂದಾಗಿ ಬರತೊಡಗಿದವು. ಮೇಲ್ ಕಳೆದುಹೋಗುತ್ತದೆ ಅಂತ ಹೆದರುವವರಿಗೆ ಹೇಳುತ್ತೇನೆ: ಕಳಿಸುವ ಸರ್ವರ್ ತಲುಪದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4–5 ದಿನ ಬಿಡದೆ ಪ್ರಯತ್ನಿಸಬೇಕು ಅಂತ ಮೇಲ್ ಸಾಗಿಸುವ ಎಸ್‌ಎಂಟಿಪಿಯ ನಿಯಮವೇ ಸಲಹೆ ಮಾಡುತ್ತದೆ. ಕೆಲವು ಗಂಟೆಗಳ ತಡೆಗೆ ಗಾಬರಿ ಬೇಡ. ಆದರೆ ಹಳೇ ಮ್ಯಾಕ್ ಹೊಸದಕ್ಕೆ ಕೊಟ್ಟ ಮೇಲೆ ಎರಡೂ ಬಾಕ್ಸ್‌ಗಳನ್ನು ಯಾವತ್ತೂ ಒಂದೇ ಲೈನ್‌ಗೆ ಒಟ್ಟಿಗೆ ಹಾಕಬಾರದು.

ಎರಡನೇ ಲೈನ್‌ನದ್ದು ಸಣ್ಣ ಗೋಳು. ಅದರ ಮೋಡೆಮ್ ತಾನು ಆನ್ ಆದಾಗ ಮೊದಲು ಕಂಡ ಮೆಶೀನ್‌ಗೆ ಮಾತ್ರ ಐಪಿ ಕೊಡುತ್ತದೆ. ಕರೆಂಟ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದಾಗ ಸರಿಹೋಯಿತು. ಆದರೆ ಆ ಲೈನ್‌ನ ಐಪಿವಿ6 ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಬೇರೆಯೇ ಬಂತು. ಹೊಸ ಬಾಕ್ಸ್ ಹೊಸ ಡಿಯುಐಡಿ ಹುಟ್ಟಿಸಿಕೊಂಡಿದ್ದರಿಂದ ಕಂಪನಿಯ ಲೆಕ್ಕದಲ್ಲಿ ನಾವು ಹೊಸ ಗಿರಾಕಿ. ಸಿಸ್ಟಮ್ ಮೆನುವಿನ ಅಡ್ವಾನ್ಸ್ಡ್, ಅದರಲ್ಲಿ ನೆಟ್‌ವರ್ಕಿಂಗ್ ಪುಟದಲ್ಲಿ ಡಿಯುಐಡಿ ಬರೆಯುವ ಜಾಗವಿದೆ. ಹಾಳೆಯಲ್ಲಿದ್ದದ್ದನ್ನು ಅಲ್ಲಿ ಹಾಕಿ ಲೈನ್ ಬಿಟ್ಟು ಮತ್ತೆ ಹಿಡಿದಾಗ ಹಳೇ ಪ್ರಿಫಿಕ್ಸ್ ವಾಪಸ್ ಬಂತು.

ಮನೆಗೆ ಹೋಗಿ ಮಲಗಿದರೂ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಕುಳಿತೆ. ಒಬ್ಬೊಬ್ಬರಾಗಿ ಬಂದರು, ಕಂಪ್ಯೂಟರ್ ಆನ್ ಮಾಡಿದರು, ಕೆಲಸ ಶುರು ಮಾಡಿದರು. ದೂರು ಬಂದದ್ದು ಒಂದೇ ಕಡೆಯಿಂದ. ಅಕೌಂಟ್ಸ್‌ನ ಮೇಡಂ ಪ್ರಿಂಟ್ ಬರುತ್ತಿಲ್ಲ ಅಂದರು. ಬೇರೆ ವಿಲ್ಯಾನ್‌ನಲ್ಲಿರುವ ಆ ಹಳೇ ಪ್ರಿಂಟರ್ ಕೂಡ ಗೇಟ್‌ವೇಯ ಹಳೇ ಮ್ಯಾಕ್ ಅನ್ನೇ ಹಿಡಿದು ಕೂತಿತ್ತು. ಆಫ್ ಮಾಡಿ ಆನ್ ಮಾಡಿದೆ, ಪ್ರಿಂಟ್ ಬಂತು. ಕ್ಯಾಮೆರಾ, ಹಾಜರಾತಿ ಮೆಶೀನ್, ಪ್ರಿಂಟರ್ ಇಂಥವನ್ನೆಲ್ಲ ಬದಲಾವಣೆಯ ರಾತ್ರಿಯೇ ಒಮ್ಮೆ ರೀಸ್ಟಾರ್ಟ್ ಮಾಡಿಬಿಡಿ.

ಖರ್ಚಿನ ಮಾತು. ಪಿಎಫ್‌ಸೆನ್ಸ್‌ನ ಕಮ್ಯುನಿಟಿ ಎಡಿಶನ್ ಉಚಿತ, ಹಾಗಾಗಿ ದುಡ್ಡು ಹೋಗಿದ್ದು ಹಾರ್ಡ್‌ವೇರ್‌ಗೆ. ಜೊತೆಗೆ ಎರಡನೇ ಎಸ್‌ಎಸ್‌ಡಿ ಹಾಕಿಸಿದೆ. ಇನ್‌ಸ್ಟಾಲ್ ಮಾಡುವಾಗಲೇ ಝಡ್‌ಎಫ್‌ಎಸ್ ಮಿರರ್ (ಎರಡೂ ಡಿಸ್ಕ್‌ನಲ್ಲಿ ಒಂದೇ ಪ್ರತಿ) ಆರಿಸಿಕೊಂಡರೆ ಒಂದು ಡಿಸ್ಕ್ ಸತ್ತರೂ ಬಾಕ್ಸ್ ಓಡುತ್ತದೆ. ಹಳೆಯದು ಕೊಟ್ಟ ಭಯ ನೋಡಿದ ಮೇಲೆ ಈ ಖರ್ಚಿನಲ್ಲಿ ಉಳಿತಾಯ ಮಾಡಬೇಡಿ ಅಂತಲೇ ಹೇಳುತ್ತೇನೆ. ಸೀರಿಯಲ್ ಕೇಬಲ್, ಗಡಿಯಾರದ ಬ್ಯಾಟರಿ ಸಣ್ಣ ವೆಚ್ಚಗಳು, ಆದರೆ ಅರ್ಧರಾತ್ರಿಯಲ್ಲಿ ಅಂಗಡಿ ತೆರೆದಿರುವುದಿಲ್ಲ, ಮೊದಲೇ ತಂದಿಟ್ಟುಕೊಳ್ಳಿ.

ಈಗ ಹಳೇ ಬಾಕ್ಸ್ ಕರೆಂಟ್ ಇಲ್ಲದೆ ರ‍್ಯಾಕ್‌ನ ಕೆಳಗಿನ ಅರೆಯಲ್ಲಿದೆ. ತಿಂಗಳ ಕೊನೆಯಲ್ಲಿ ಮಾತ್ರ ಓಡುವ ಕೆಲಸಗಳು ಕೆಲವು ಇವೆ. ಅವೂ ಸರಿಯಾಗಿ ನಡೆದ ಮೇಲೆ ಅದರ ಸ್ಟೋರೇಜ್ ಪೂರ್ತಿ ಅಳಿಸಿ ಹೊರಗೆ ಹಾಕುತ್ತೇವೆ. ಹಾಗೇ ಕೊಟ್ಟುಬಿಡುವಂತಿಲ್ಲ, ನಮ್ಮ ಪ್ರೈವೇಟ್ ಕೀಗಳೆಲ್ಲ ಅದರಲ್ಲಿ ಇನ್ನೂ ಕೂತಿವೆ. ಲೈನ್ ಕಂಪನಿಯವರು ಹೊಸ ಮ್ಯಾಕ್‌ಗೆ ತಮ್ಮ ಟೇಬಲ್ ಸರಿ ಮಾಡಲು ಒಂದು ರಾತ್ರಿ ಸಮಯ ಕೊಟ್ಟಿದ್ದಾರೆ. ಅವತ್ತು ವ್ಯಾನ್ ಪುಟದ ಆ ಖಾನೆಯನ್ನು ಖಾಲಿ ಮಾಡಬೇಕು. ಕಿಯಾಗೆ ಹೋಗುವುದು ಅದಾದ ಮೇಲೆ.